ಹೆಜ್ಜೆಮಣ್ಣು

ನವೆಂಬರ್ ಹನ್ನೊಂದರ ಬೆಳಿಗ್ಗೆ ಜಾಲಿಗಟ್ಟಿ ಕೆರೆಯ ಮೂಗು ಕೆಂಪಾಯಿತು. ಒಡ್ಡಿನ ಮೇಲಿದ್ದ ನಿಗಾ ಕೇಂದ್ರದಲ್ಲಿ ಡಾ. ನಿವೇದಿತಾ ತಳವಾರ ಎಲ್ಲರಿಗೂ ಪೇಡೆ ಹಂಚಿದಳು.

ಮೂಗು ಅಂದರೆ ಕೆರೆಯ ನಡುವೆ ತೇಲುತ್ತಿದ್ದ, ಕೊಡದ ಗಾತ್ರದ ಒಂದು ಹಳದಿ ಯಂತ್ರ. ಇಲಾಖೆ ಅದಕ್ಕಿಟ್ಟ ಹೆಸರು ಒಂದೂವರೆ ಸಾಲು ಉದ್ದವಿತ್ತು, ಹಾಗಾಗಿ ಊರವರು ತಮಗೆ ಬಾಯಿಗೆ ಬರುವಂಥದ್ದೊಂದನ್ನು ಇಟ್ಟುಕೊಂಡಿದ್ದರು. ಗಂಟೆಗೊಮ್ಮೆ ಅದು ಒಂದು ಗುಟುಕು ನೀರು ಹೀರಿ, ಅದರಲ್ಲಿ ಕೋಳಿಜ್ವರದ ವೈರಸ್ ಇದೆಯೋ ಇಲ್ಲವೋ ಎಂದು ನೋಡಿ, ಕೇಂದ್ರದ ಪರದೆಗೆ ಒಂದು ಬಣ್ಣ ಕಳಿಸುತ್ತಿತ್ತು. ಇಲ್ಲದಿದ್ದರೆ ಹಸಿರು, ಇದ್ದರೆ ಕೆಂಪು. ಕೆಂಪು ಬಂದ ದಿನ ಸಿಹಿ ಹಂಚುವ ಪಶುವೈದ್ಯೆಯನ್ನು ಬೇರೆ ಯಾವ ವರ್ಷವಾದರೂ ಸಂಜೆಯೊಳಗೆ ಅಮಾನತು ಮಾಡುತ್ತಿದ್ದರು. ಆದರೆ ಈ ಸಲ ಕೆರೆಗೆ ವೈರಸ್ ಬಿಟ್ಟಿದ್ದು ಇಲಾಖೆಯವರೇ.

ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಗದಗ ಸೀಮೆಯ ಕೆರೆಗಳಿಗೆ ಬರುತ್ತವೆ. ಹಗಲೆಲ್ಲ ನೀರಿನಲ್ಲಿ ಕೂತು, ಹೊತ್ತು ಇಳಿದ ಮೇಲೆ ಕಡಲೆ ಹೊಲಕ್ಕೆ ಮೇಯಲು ಹೋಗುತ್ತವೆ. ಇಂಥ ನೀರುಹಕ್ಕಿಗಳ ಕರುಳಿನಲ್ಲಿ ಕೋಳಿಜ್ವರದ ವೈರಸ್ ಎಂದಿನಿಂದಲೋ ಬಿಡಾರ ಹೂಡಿದೆ. ಬಾಡಿಗೆದಾರನೂ ಮನೆಯೊಡೆಯನೂ ಹೊಂದಿಕೊಂಡುಬಿಟ್ಟಿದ್ದಾರೆ, ಹಕ್ಕಿಗೆ ಬಹುಪಾಲು ಏನೂ ಆಗುವುದಿಲ್ಲ. ಆದರೆ ಅದರ ಹಿಕ್ಕೆಯಿಂದ ವೈರಸ್ ನೀರಿಗಿಳಿದು, ಮಣ್ಣಿಗಂಟಿ, ಯಾರದೋ ಚಪ್ಪಲಿಯ ಜೊತೆ ಕೋಳಿಗೂಡಿಗೆ ಬಂತೆಂದರೆ, ಕರುಳು ಬಿಟ್ಟು ಮೈಯೆಲ್ಲ ಏರುತ್ತದೆ. ಎರಡು ದಿನದಲ್ಲಿ ಗೂಡು ಖಾಲಿ.

ಕೋಳಿಗೆ ಸೂಜಿ ಚುಚ್ಚಿ ಲಸಿಕೆ ಹಾಕಬಹುದು, ಆದರೆ ಊರೂರಿನ ಕೋಟಿಗಟ್ಟಲೆ ಕೋಳಿಗಳನ್ನು ಹಿಡಿದುಕೊಡುವವರು ಯಾರು? ರಾಜ್ಯ ಪಶುರೋಗ ಸಂಸ್ಥೆಯ ಡಾ. ಚಂಗಪ್ಪ ಎಂಬ ವಿಜ್ಞಾನಿಗೆ ಹೊಳೆದ ಪ್ರಶ್ನೆ ಸರಳವಾಗಿತ್ತು: ರೋಗ ಹೊತ್ತು ತರುವ ಹಕ್ಕಿಯೇ ಮದ್ದನ್ನೂ ಹೊತ್ತು ತಂದರೆ? ಎಂಟು ವರ್ಷ ಕೂತು ಅವರು ಒಂದು ಸಾಧು ವೈರಸ್ ತಯಾರಿಸಿದರು. ಹೊರಗಿನ ಅಂಗಿ ಜ್ವರ ತರುವ ಕೇಡಿ ವೈರಸ್ಸಿನದೇ, ಒಳಗೆ ಮಾತ್ರ ಕರುಳು ದಾಟುವ ಶಕ್ತಿ ಇಲ್ಲ. ಈ ಅಂಗಿಯನ್ನು ಒಮ್ಮೆ ಕಂಡ ಕೋಳಿಯ ಮೈ ಮುಂದೆ ನಿಜವಾದ ಕೇಡಿ ಬಂದಾಗ ಬಾಗಿಲಲ್ಲೇ ಹಿಡಿಯುತ್ತದೆ. ಸಾಧುವಿನಲ್ಲಿ ನೆನೆಸಿದ ಜೋಳವನ್ನು ಕೆರೆಯ ದಂಡೆಯಲ್ಲಿ ಚೆಲ್ಲಿದರು, ಹೆಬ್ಬಾತುಗಳು ತಿಂದವು. ಹತ್ತನೆಯ ದಿನ ಮೂಗು ಕೆಂಪಾಯಿತು. ಮೂಗಿಗೆ ಅಂಗಿ ಮಾತ್ರ ಕಾಣುತ್ತಿತ್ತು, ಅಂಗಿಯೊಳಗೆ ಯಾರಿದ್ದಾರೆಂದು ತಿಳಿಯಲು ಸಂಸ್ಥೆಯ ದೊಡ್ಡ ಯಂತ್ರಕ್ಕೆ ಮೂರು ದಿನ ಬೇಕಿತ್ತು.

ಸರ್ಕಾರ ಕೊಟ್ಟದ್ದು ಒಂದೇ ಚಳಿಗಾಲ. ಸುತ್ತಲಿನ ದೊಡ್ಡ ಕೋಳಿ ಫಾರಂನವರು, ಹಕ್ಕಿ ಇದ್ದರೆ ತಾನೇ ಜ್ವರ, ಕೆರೆಯನ್ನೇ ಒಣಗಿಸಿಬಿಡಿ ಎಂದು ಪಟ್ಟು ಹಿಡಿದಿದ್ದರು. ಸಾಧು ಊರಿನ ಕೋಳಿಗಳನ್ನು ಕಾಯ್ದರೆ ಕೆರೆ ಉಳಿಯುತ್ತದೆ, ಇಲ್ಲವಾದರೆ ಬೇಸಿಗೆಗೆ ತೂಬು ತೆಗೆಯುವುದು. ಈ ಕರಾರಿನ ಕೆಳಗೆ ಸ್ಥಳೀಯ ಅಧಿಕಾರಿಯೆಂದು ರುಜು ಹಾಕಿದವಳು ನಿವೇದಿತಾ.

ಅವಳು ಉಳಿದ ಎರಡು ಪೇಡೆ ಮನೆಗೆ ಒಯ್ದಳು. ಗಂಡ ಈರಪ್ಪ ಬಸ್ ಕಂಡಕ್ಟರ್, ಎರಡು ದಿನಕ್ಕೊಮ್ಮೆ ಮನೆ ಕಾಣುವವನು. ಮನೆಯಲ್ಲಿದ್ದವರು ಅತ್ತೆ ಫಕ್ಕೀರವ್ವ ಮತ್ತು ಅವಳ ಹತ್ತೊಂಬತ್ತು ಕೋಳಿ. ಫಕ್ಕೀರವ್ವ ಹಿತ್ತಲಲ್ಲಿ ಗೂಡಿನ ಮುಂದೆ ಸುಣ್ಣದ ಗೆರೆ ಎಳೆಯುತ್ತಿದ್ದಳು.

"ಏನ್ ಸಿಹಿ ಇದು? ಪ್ರಮೋಷನ್ ಆತೇನ?"

"ಕೆರಿ ಕೆಂಪಾತ್ರಿ ಅತ್ತಿ. ಒಳ್ಳೇದಾತು."

"ಕೆಂಪಾದ್ರ ಕೆಟ್ಟದ್ದು ಅಂತ ನೀನ ಹೇಳಿದ್ದಿ."

"ಇದು ಬ್ಯಾರೆ ಕೆಂಪು."

ಫಕ್ಕೀರವ್ವ ಪೇಡೆ ಬಾಯಿಗೆ ಹಾಕಿಕೊಂಡು, ಸೊಸೆಯನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಓದಿದಾಕಿ ನೀ. ಕೆಂಪಿನ್ಯಾಗ ಎಷ್ಟ್ ನಮೂನಿ ಅದಾವೋ ನಿನಗ ಗೊತ್ತು," ಎಂದು ಗೆರೆ ಮುಂದುವರಿಸಿದಳು.

ಆ ಗೆರೆಗೆ ಹದಿನೈದು ವರ್ಷದ ಇತಿಹಾಸವಿತ್ತು. ಜಾಲಿಗಟ್ಟಿಯಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ಹೆಬ್ಬಾತುಗಳು ಬಂದಿಳಿದ ಮೊದಲ ವಾರ ಹೆಂಗಸರು ಕೆರೆಗೆ ಹೋಗಿ, ಕೆಸರಿನಲ್ಲಿ ಹಕ್ಕಿಯ ಹೆಜ್ಜೆ ಮೂಡಿದ ಜಾಗವನ್ನು ಗುರುತು ಕೆಡದಂತೆ ಅಂಗೈಯಗಲ ಎತ್ತಿಕೊಂಡು ಬಂದು, ಕೋಳಿ ಕಾವಿಗೆ ಕೂರುವ ಬುಟ್ಟಿಯ ಕೆಳಗೆ ಇಡುತ್ತಿದ್ದರು. ಹೆಜ್ಜೆಮಣ್ಣು ಅಂತ ಅದರ ಹೆಸರು. ಅಷ್ಟು ದೂರದಿಂದ ಸುಖವಾಗಿ ಬಂದ ಹಕ್ಕಿಯ ಗಟ್ಟಿತನ ಮನೆಯ ಮರಿಗಳಿಗೂ ಬರಲಿ ಎಂಬ ಆಸೆ. ನಿವೇದಿತಾ ಈ ಊರಿಗೆ ಸೊಸೆಯಾಗಿ, ಪಶುವೈದ್ಯೆಯಾಗಿ ಒಟ್ಟಿಗೇ ಬಂದ ವರ್ಷ ಕೋಳಿಜ್ವರ ಬಂತು. ಪ್ರಯೋಗಾಲಯದ ವರದಿಗೆ ಕಾಯುತ್ತ ಕೂತ ಒಂದು ವಾರದಲ್ಲಿ ಅದು ಮೂವತ್ತು ಹಳ್ಳಿಗೆ ಹಬ್ಬಿತು. ಹಿಕ್ಕೆ ಬೆರೆತ ಮಣ್ಣನ್ನು ಕೈಯಾರೆ ತಂದು ಮರಿಗಳ ಕೆಳಗಿಡುವವರನ್ನು ಕಂಡು ಅವಳಿಗೆ ಸಿಟ್ಟು, ಸಂಕಟ ಎರಡೂ ಆಗಿತ್ತು.

ಮನೆಮನೆಗೆ ಹೋಗಿ ಬಿಡಿಸಿದಳು. ಗೂಡಿಗೆ ಬಲೆ, ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬುಟ್ಟಿ, ಅದರಾಚೆ ಸುಣ್ಣದ ಗೆರೆ. ಕೆರೆಗೆ ಹೋದ ಕಾಲು ತೊಳೆಯದೆ ಗೆರೆ ದಾಟಬಾರದು. ಅವತ್ತು ಪಂಚಾಯ್ತಿ ಕಟ್ಟೆಯ ಮೇಲೆ ಎಲ್ಲರೆದುರು ಮೊದಲು ಎದ್ದು ನಿಂತು "ನಮ್ಮ ಮನ್ಯಾಗ ಇನ್ನ ಹೆಜ್ಜಿಮಣ್ಣು ಇಲ್ಲ" ಅಂದವಳು ಫಕ್ಕೀರವ್ವ. ಅತ್ತೆ ಸೊಸೆಯ ಮಾತು ಕೇಳಿದ್ದು ನೋಡಿ ಊರಿಗೆ ಊರೇ ಬೆರಗಾಗಿ ಹಿಂಬಾಲಿಸಿತು. ಆಮೇಲೆ ಜಾಲಿಗಟ್ಟಿಗೆ ಜ್ವರ ಬರಲಿಲ್ಲ. ಕೈಯಲ್ಲಿ ಹಿಡಿದು ನೋಡುವ ಪುಟ್ಟ ಯಂತ್ರಗಳು ಬಂದಾಗ ಅವುಗಳ ನಿಯಮಾವಳಿ ಬರೆಯಲು ಇಲಾಖೆ ಕರೆದದ್ದು ಅವಳನ್ನೇ. ಹದಿನಾಲ್ಕನೆಯ ನಿಯಮ ಪೂರ್ತಿ ಅವಳದು: ಕೈಯಂತ್ರ ಕೆಂಪು ತೋರಿಸಿದ ಮನೆಯ ಎಲ್ಲ ಕೋಳಿಗಳನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಕೊಲ್ಲತಕ್ಕದ್ದು, ಪ್ರಯೋಗಾಲಯದ ವರದಿಗೆ ಕಾಯತಕ್ಕದ್ದಲ್ಲ.

ಡಿಸೆಂಬರ್ ಮೊದಲ ವಾರ ಊರಿನ ಐವತ್ತು ಕೋಳಿಗಳ ರಕ್ತ ಸಂಸ್ಥೆಗೆ ಹೋಯಿತು. ಸ್ವಂತ ಮನೆಯ ಕೋಳಿ ಸೇರಿಸಿದರೆ ಯಾರಾದರೂ ಆಡಿಕೊಂಡಾರೆಂದು ನಿವೇದಿತಾ ಅವನ್ನು ಬಿಟ್ಟಿದ್ದಳು. ಮೂರನೆಯ ದಿನ ಪರದೆಯ ಮೇಲೆ ಚಂಗಪ್ಪನವರ ಮುಖ ಕಂಡಿತು.

"ಒಂದರಲ್ಲೂ ಇಲ್ಲ ಡಾಕ್ಟರ್. ಐವತ್ತಕ್ಕೆ ಸೊನ್ನೆ. ಕೆರೆ ತುಂಬ ಸಾಧು ಇದ್ದಾನೆ, ಕೋಳಿ ಮೈಗೆ ಬಂದೇ ಇಲ್ಲ. ನಮ್ಮ ಲೆಕ್ಕದ ಪ್ರಕಾರ ಸಹಜ ಸಂಪರ್ಕದಿಂದ ಮೂರು ವಾರ ಸಾಕಿತ್ತು. ನಿಮ್ಮಲ್ಲಿ ಕೆರೆಗೂ ಕೋಳಿಗೂ ಏನು ಅಡ್ಡ ಇದೆ?"

"ಏನೂ ಇಲ್ಲ ಸರ್. ಕೆರೆಗೂ ಊರಿಗೂ ಇನ್ನೂರು ಮಾರು," ಎಂದಳು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಫಕ್ಕೀರವ್ವ ಕಾಳಿನ ಬಟ್ಟಲು ಹಿಡಿದು ಹಿತ್ತಲಿಗೆ ಹೊರಟಿದ್ದಳು. ಬ್ಲೀಚಿಂಗ್ ನೀರಿನಲ್ಲಿ ಎಡಗಾಲು ಅದ್ದಿದಳು, ಬಲಗಾಲು ಅದ್ದಿದಳು, ಸೀರೆಯ ಅಂಚು ಎತ್ತಿಕೊಂಡು ಸುಣ್ಣದ ಗೆರೆ ದಾಟಿದಳು. ಅದನ್ನು ದಿನಾ ನೋಡುತ್ತಿದ್ದ ನಿವೇದಿತಾ ಅಂದು ತಾಟಿನ ಮುಂದೆ ರೊಟ್ಟಿ ಮುರಿದವಳು ಹಾಗೇ ಕೂತಳು. ಅಡ್ಡ ಇದ್ದದ್ದು ತಾನೇ. ಹದಿನೈದು ವರ್ಷ ಕಷ್ಟಪಟ್ಟು ಹಾಕಿದ ಬೀಗ ಕಣ್ಣಿಗೆ ಎಷ್ಟು ರೂಢಿಯಾಗಿತ್ತೆಂದರೆ, ಕರಾರಿಗೆ ರುಜು ಹಾಕುವಾಗ ಬಾಗಿಲು ಮುಚ್ಚಿದೆ ಎನ್ನುವುದೇ ಅವಳ ತಲೆಗೆ ಹೊಳೆದಿರಲಿಲ್ಲ.

ಮರುದಿನವೇ ಮಹಿಳಾ ಸಂಘದ ಸಭೆ ಕರೆದು, ಈ ವರ್ಷ ಎಲ್ಲರೂ ಹೆಜ್ಜೆಮಣ್ಣು ತರಬೇಕು, ಗೆರೆ ಅಳಿಸಬೇಕು ಎಂದಳು. ಸಾಧು, ಕೇಡಿ, ಅಂಗಿ ಎಲ್ಲ ಬಿಡಿಸಿ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಘದ ಅಧ್ಯಕ್ಷೆ ಗುರುಸಿದ್ದವ್ವ ಕೊನೆಗೆ ಬಾಯಿಬಿಟ್ಟಳು.

"ಡಾಕ್ಟರ್ ಬಾಯಾರ, ಸಿಟ್ಟ್ ಮಾಡ್ಕೋಬ್ಯಾಡ್ರಿ. ನಮ್ಮತ್ತಿ ಹೆಜ್ಜಿಮಣ್ಣು ತಂದಿದ್ಲಂತ ನೀವ ಮನಿಗೆ ಬಂದು ಬೈದು, ಬುಟ್ಟಿ ಸುಡಿಸಿದ್ರಿ. ಆಕಿ ಅತ್ಗೋತ ಕುಂತಿದ್ಲು. ಈಗ ಅದ ಮಣ್ಣು ತರ್ರಿ ಅಂತೀರಿ."

"ಅವಾಗ ಹೇಳಿದ್ದೂ ಖರೆ, ಈಗ ಹೇಳೋದೂ ಖರೆ ಗುರುಸಿದ್ದವ್ವ."

"ಎರಡೂ ಖರೆ ಹೆಂಗ ಆಕ್ಕಾವ್ರಿ? ಒಂದ್ ಮಾತ ಹಿಡದು ಹದಿನೈದು ವರ್ಷ ಕೋಳಿ ಉಳಿಸ್ಕೊಂಡೇವಿ. ನಾವು ಅದನ್ನ ಹಿಡ್ಕೊಂಡಿರತೇವಿ ಬಿಡ್ರಿ."

ಸಭೆ ಎದ್ದಿತು. ಕಂಬಕ್ಕೊರಗಿ ಕೂತಿದ್ದ ಫಕ್ಕೀರವ್ವ ಸೆರಗಿನ ದಾರ ಎಳೆಯುತ್ತಿದ್ದಳೇ ಹೊರತು ಪರ ವಿರೋಧ ಒಂದೂ ಆಡಲಿಲ್ಲ. ಬೇರೆಯವರಿಗೆ ಬುದ್ಧಿ ಹೇಳಿ ಬರಬೇಕಾದ ಅತ್ತೆ ಹೀಗೆ ಸುಮ್ಮನೆ ಕೂತದ್ದರಿಂದ ನಿವೇದಿತಾಗೆ ನೋವಾಯಿತು, ತನ್ನ ಮನೆಯಿಂದಲಾದರೂ ಶುರುಮಾಡೋಣ ಎನ್ನುವ ಧೈರ್ಯವೂ ಉಳಿಯಲಿಲ್ಲ. ಸೋತ ಮಾತನ್ನು ಮನೆಯಲ್ಲಿ ಮತ್ತೆ ಎತ್ತಲು ಅವಳಿಗೆ ಮನಸ್ಸಾಗಲಿಲ್ಲ.

ಜನವರಿಯಲ್ಲಿ ಕೇಡಿ ಬಂದ. ಎರಡನೆಯ ಸರತಿ ಬಂದ ಹೆಬ್ಬಾತುಗಳ ಜೊತೆ ಬಂದನೆಂದು ಆಮೇಲೆ ಲೆಕ್ಕ ಹಾಕಿದರು. ಮೂಗು ಎರಡು ತಿಂಗಳಿಂದ ಕೆಂಪಾಗಿಯೇ ಇದ್ದುದರಿಂದ ಪರದೆಯ ಮೇಲೆ ಯಾವ ಬದಲಾವಣೆಯೂ ಕಾಣಲಿಲ್ಲ. ಸುಣ್ಣದ ಗೆರೆ ಬಲೆಗಳನ್ನೆಲ್ಲ ದಾಟಿ ಹೇಗೆ ಬಂದನೆಂದರೆ, ಬಹುಶಃ ಕಡಲೆ ಹೊಲದಿಂದ. ಆ ವಾರ ಊರಿಗೆ ಊರೇ ಕಡಲೆ ಕಿತ್ತು, ಹಸಿ ಗಿಡದ ಹೊರೆಗಳನ್ನು ಹಿತ್ತಲಿಗೆ ತಂದು ಒಗೆದಿತ್ತು. ಗುರುಸಿದ್ದವ್ವನ ಕೋಳಿಗಳ ಜುಟ್ಟು ಸೋಮವಾರ ನೀಲಿಗಟ್ಟಿತು, ಮಂಗಳವಾರ ಅವು ನೆಲಕ್ಕೆ ಕತ್ತು ಚಾಚಿ ಬಿದ್ದಿದ್ದವು. ಬುಧವಾರದ ಹೊತ್ತಿಗೆ ಕೆಳಗಿನ ಓಣಿ ಪೂರ್ತಿ ಹೋಯಿತು. ಸಾಯದೆ ಉಳಿದವನ್ನು ಇಲಾಖೆಯ ಬಿಳಿ ಉಡುಪಿನ ತಂಡ ಕೊಂದು ಚೀಲಕ್ಕೆ ಹಾಕಿ ಒಯ್ದಿತು. ನಿವೇದಿತಾ ಮನೆ ಮನೆಗೆ ಕೈಯಂತ್ರ ಹಿಡಿದು ಹೋದಳು, ಕೆಂಪು ಬಂದ ಕಡೆ ರುಜು ಹಾಕಿದಳು. ಯಾರೂ ಅವಳನ್ನು ಬೈಯಲಿಲ್ಲ, ಕುಡಿಯಲು ನೀರು ಬೇಕೇ ಎಂದೂ ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಉಳಿದದ್ದು ಅವಳ ಮನೆ. ಹಿತ್ತಲಲ್ಲಿ ಹದಿನೆಂಟು ಕೋಳಿ ಕಡಲೆ ಹೊರೆಯನ್ನು ಕೆದಕುತ್ತಿದ್ದವು. ಹತ್ತೊಂಬತ್ತನೆಯದು, ಚುಕ್ಕಿ, ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು. ಒಂದರ ಜುಟ್ಟೂ ಬಾಡಿರಲಿಲ್ಲ. ನಿವೇದಿತಾ ಒಂದನ್ನು ಹಿಡಿದು ಹಿಂಭಾಗಕ್ಕೆ ಹತ್ತಿಯ ಕಡ್ಡಿ ಮುಟ್ಟಿಸಿ ಯಂತ್ರಕ್ಕಿಟ್ಟಳು. ಕೆಂಪು. ಇನ್ನೊಂದು ಕೆಂಪು. ಹಿಡಿದ ಐದೂ ಕೆಂಪು. ಮೂಗಿನಂತೆ ಕೈಯಂತ್ರಕ್ಕೂ ಅಂಗಿ ಮಾತ್ರ ಕಾಣುತ್ತಿತ್ತು. ಕೆಂಪಾಗಿಯೂ ಇಷ್ಟು ಚುರುಕಾಗಿರುವ ಕೋಳಿಯನ್ನು ಅವಳು ನೋಡಿಯೇ ಇರಲಿಲ್ಲ.

"ಅತ್ತಿ, ಇವಕ್ಕ ಏನ್ ಮಾಡೀರಿ?"

ಫಕ್ಕೀರವ್ವ ಮೊದಲು ಆಕಡೆ ಈಕಡೆ ನೋಡಿದಳು. ಆಮೇಲೆ ಕೂತು, ಚುಕ್ಕಿಯ ಬುಟ್ಟಿಯನ್ನು ಒಂದು ಬದಿಗೆ ಎತ್ತಿದಳು. ಕೆಳಗೆ ಒಣಗಿದ ಕೆಸರಿನ ಬಿಲ್ಲೆ. ಅದರ ಮೇಲೆ ಮೂರು ಬೆರಳಿನ ಗುರುತು.

"ಈ ವರ್ಷದ್ದೇನ್ರಿ ಇದು?"

"ವರ್ಷಾ ಇಡ್ತೀನಿ."

"ಹದಿನೈದು ವರ್ಷನೂ?"

"ಮಂದಿ ಮುಂದ ಬಿಟ್ಟೆ ಅಂದೆ. ನಿನ್ನ ಮಾನ ಉಳೀಲಿ ಅಂತ. ಮನ್ಯಾಗ ಬಿಡಾಕ ಆಗಲಿಲ್ಲ. ನಮ್ಮವ್ವ ಇಡ್ತಿದ್ಲು, ಆಕಿ ಅವ್ವ ಇಡ್ತಿದ್ಲು." ಫಕ್ಕೀರವ್ವ ಸೊಸೆಯ ಮುಖ ನೋಡಲಿಲ್ಲ. "ಕಾಲು ಅಂತೂ ದಿನಾ ತೊಳದೇನಿ."

ನಿವೇದಿತಾಗೆ ಮೊದಲು ಹೊಳೆದದ್ದು ಊರಿಗಿದ್ದ ಅಪಾಯ. ಹದಿನೈದು ವರ್ಷ ಊರ ಸುತ್ತ ಕಟ್ಟಿದ ಗೋಡೆಯಲ್ಲಿ ಕಿಂಡಿ ಇದ್ದದ್ದು ಅವಳ ಮನೆಯಲ್ಲೇ. ಯಾವುದಾದರೂ ಒಂದು ಚಳಿಗಾಲ ಆ ಕೆಸರಿನಲ್ಲಿ ಕೇಡಿ ಇದ್ದಿದ್ದರೆ ಇಡೀ ಊರಿನ ಕೋಳಿ ಅಲ್ಲಿಂದ ಸಾಯುತ್ತಿದ್ದವು. ಇರಲಿಲ್ಲ, ಅದು ಬರೀ ಅದೃಷ್ಟ. ಮರುಕ್ಷಣವೇ ಇನ್ನೊಂದು ಹೊಳೆಯಿತು: ಇಡೀ ಊರಿನಲ್ಲಿ ಸಾಧು ಮುಟ್ಟಿದ ಕೋಳಿ ಇವು ಮಾತ್ರ, ಮತ್ತು ಇವು ಬದುಕಿವೆ.

ಅವಳು ಎಲ್ಲ ಕೋಳಿಗಳ ರಕ್ತ ತೆಗೆದು, ಹತ್ತಿಯ ಕಡ್ಡಿಗಳ ಜೊತೆ ಗಾಡಿಯಲ್ಲಿ ಸಂಸ್ಥೆಗೆ ಕಳಿಸಿ, ಚಂಗಪ್ಪನವರಿಗೆ ಫೋನ್ ಮಾಡಿದಳು. "ಇದೇ ಬೇಕಿತ್ತು ನಮಗೆ! ಮೂರು ದಿನ ಕೊಡಿ, ಒಳಗಿರೋದು ಯಾರು ಅಂತ ಹೇಳ್ತೀನಿ. ಅಲ್ಲಿಯವರೆಗೆ ಒಂದನ್ನೂ ಮುಟ್ಟಬೇಡಿ," ಎಂದು ಅವರು ಕೂಗಿದರು. ಮುಟ್ಟಬೇಡಿ ಎನ್ನುವ ಅಧಿಕಾರ ಅವರಿಗಿರಲಿಲ್ಲ. ಅದು ಇದ್ದದ್ದು ಜಿಲ್ಲೆಯ ಉಪನಿರ್ದೇಶಕ ಹಂಚಿನಾಳ ಸಾಹೇಬರಿಗೆ.

"ಮೂರ್ ದಿನ ಹೆಂಗ ಕೊಡಲಿ ಡಾಕ್ಟರ್?" ಎಂದರು ಅವರು. ಒಳ್ಳೆಯ ಮನುಷ್ಯ, ದನಿಯಲ್ಲಿ ದರ್ಪವಿರಲಿಲ್ಲ. "ನಿಯಮ ಹದಿನಾಲ್ಕು. ವರದಿಗೆ ಕಾಯತಕ್ಕದ್ದಲ್ಲ. ಇದನ್ನ ಬರದವರು ನೀವ. ಒಳಗ ಸಾಧು ಅದಾನೋ, ಕೇಡಿ ಅದಾನೋ, ಇಬ್ಬರೂ ಅದಾರೋ, ಈಗ ಈ ಕ್ಷಣ ನಿಮಗ ಗೊತ್ತೈತೇನು?"

"ಇಲ್ರಿ ಸರ್."

"ಮತ್ತ ಊರ ಮಂದಿ ಕೋಳಿ ಎಲ್ಲಾ ಒಯ್ದು, ನಿಮ್ಮ ಅತ್ತಿಯವರದ್ದು ಮಾತ್ರ ಬಿಟ್ರ ನಾಳೆ ಆ ಓಣ್ಯಾಗ ನೀವು ಅಡ್ಡಾಡತೀರೇನು?"

ಹಂಚಿನಾಳರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಅವಳೇ ಆ ಕುರ್ಚಿಯಲ್ಲಿದ್ದರೂ ಅಷ್ಟನ್ನೇ ಹೇಳುತ್ತಿದ್ದಳು. ಫೋನ್ ಇಟ್ಟು ಆದೇಶದ ಹಾಳೆಗೆ ರುಜು ಹಾಕಿದಳು.

ತಂಡ ಮಧ್ಯಾಹ್ನ ಬಂತು. ಫಕ್ಕೀರವ್ವ ಅಳಲಿಲ್ಲ, ಅಡ್ಡ ಬರಲಿಲ್ಲ. ಹಿಡಿಯಲು ಬಾರದ ಪಟ್ಟಣದ ಹುಡುಗರು ಬೆನ್ನಟ್ಟಿ ಬೆದರಿಸುವುದು ನೋಡಲಾರದೆ, ತಾನೇ ಒಂದೊಂದನ್ನು ಹೆಸರು ಹಿಡಿದು ಕರೆದು ಎತ್ತಿಕೊಟ್ಟಳು. ಎಲ್ಲ ಮುಗಿದು ಚೀಲದ ಬಾಯಿ ಕಟ್ಟಿದ ಮೇಲೆ ಸೊಸೆಯ ಕಡೆ ತಿರುಗಿದಳು.

"ನಿನ್ನ ಮಾತ ಕೇಳಿದವ್ರ ಕೋಳಿ ಸತ್ತುವು. ನಾ ಕೇಳಲಿಲ್ಲ, ನನ್ನವು ಉಳದ್ವು. ಉಳದ್ವು ಅಂತ ನೀ ಕೊಂದಿ."

ಇಷ್ಟು ಹೇಳಿ ಒಳಗೆ ಹೋದಳು. ನಡೆದದ್ದು ಹಾಗೆಯೇ. ನಿವೇದಿತಾ ಕಟ್ಟೆಯ ಮೇಲೆ ಕೂತು ಜೋರಾಗಿ ಅತ್ತಳು. ತಂಡದವರು ಗಾಡಿಯ ಕಡೆ ಮುಖ ತಿರುಗಿಸಿ ನಿಂತರು.

"ಮೇಡಮ್, ಎಣಿಕೆ," ಎಂದು ಒಬ್ಬ ಹಾಳೆ ಚಾಚಿದ. "ಹದಿನೆಂಟು ಬಂದಾವು."

ನಿವೇದಿತಾ ಕಣ್ಣೊರೆಸಿಕೊಂಡು ಹಿತ್ತಲು ನೋಡಿದಳು. ಚುಕ್ಕಿ ಕೂತಿದ್ದ ಬುಟ್ಟಿ ಜಾಗದಲ್ಲಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಜೋಳ ತುಂಬುವ ದೊಡ್ಡ ಗಳಗಿಯ ಒಳಗಿನಿಂದ, ಕಾವಿಗೆ ಕೂತ ಕೋಳಿ ಮೊಟ್ಟೆ ಸರಿಸಿಕೊಳ್ಳುವಾಗ ಮಾಡುವ ಕೊರಕೊರ ಸದ್ದು ಬಂತು. ಗಳಗಿಯ ಪಕ್ಕದಲ್ಲಿ ಫಕ್ಕೀರವ್ವ ಬೇಕೆಂತಲೇ ಪಾತ್ರೆ ಬಡಿದು ಕೆಮ್ಮಿದಳು.

ಕೈಯಂತ್ರ ನಿವೇದಿತಾಳ ಮಡಿಲಲ್ಲೇ ಇತ್ತು. ಅವಳು ಪೆನ್ನು ತೆಗೆದು ಹಾಳೆಯಲ್ಲಿ ಹತ್ತೊಂಬತ್ತು ಎಂದು ಬರೆದಳು. ಹದಿನೈದು ವರ್ಷದ ನೌಕರಿಯಲ್ಲಿ ಅವಳು ಬರೆದ ಮೊದಲ ಸುಳ್ಳು. "ಒಂದು ಮುಂಜಾನೆ ಸತ್ತಿತ್ತು, ಸುಟ್ಟೀನಿ," ಎಂದಳು. ಅದು ಎರಡನೆಯದು.

ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ತಾನು ಬಿಟ್ಟದ್ದು ಒಂದು ಕೋಳಿಯನ್ನೋ, ಇನ್ನೂ ಮೂವತ್ತು ಹಳ್ಳಿಯ ಸಾವನ್ನೋ ತಿಳಿಯದೆ ಒದ್ದಾಡಿದಳು. ಅಡುಗೆಮನೆಗೆ ಬೇರೆ ಯಾರೂ ಕಾಲಿಡದಂತೆ ನೋಡಿಕೊಂಡಳು. ನಾಲ್ಕನೆಯ ದಿನ ಚಂಗಪ್ಪನವರ ಫೋನ್ ಬಂತು. ಹತ್ತೊಂಬತ್ತು ರಕ್ತದಲ್ಲೂ ಕೇಡಿಯನ್ನು ಎದುರಿಸುವ ಶಕ್ತಿ ತುಂಬಿತ್ತು, ಕಡ್ಡಿಗಳಲ್ಲಿ ಸಿಕ್ಕವನು ಬರೀ ಸಾಧು. ಕೋಳಿಗಳು ಯಾರಿಗೂ ಏನೂ ಮಾಡುತ್ತಿರಲಿಲ್ಲ. "ಗೆದ್ದೆವು ಡಾಕ್ಟರ್. ಕೆರೆ ಉಳೀತು. ಹದಿನಾಲ್ಕನೇ ನಿಯಮ ತಿದ್ದೋಕೆ ನಿಮ್ಮನ್ನೇ ಕರೀತಾರೆ ನೋಡಿ," ಎಂದರು. ಅವರು ಹೇಳಿದಂತೆಯೇ ಆಯಿತು. ಅವಳು ಹೋಗಿ, ವರದಿಗೆ ಕಾಯತಕ್ಕದ್ದಲ್ಲ ಎಂಬ ಸಾಲನ್ನು ಹೊಡೆದುಹಾಕಿ ಬಂದಳು. ಆದರೆ ಈ ಸಲ ಪೇಡೆ ತರಲಿಲ್ಲ.

ಫಕ್ಕೀರವ್ವ ಅವತ್ತಿನಿಂದ ಸೊಸೆಯೊಡನೆ ಮಾತು ಬಿಟ್ಟಳು. ರೊಟ್ಟಿ ಬಡಿದು ಹಾಕುತ್ತಿದ್ದಳು, ಪಲ್ಯ ನೀಡುತ್ತಿದ್ದಳು, ಹೇಳಬೇಕಾದ್ದನ್ನು ಈರಪ್ಪ ಬಂದಾಗ ಅವನಿಗೆ ಹೇಳುತ್ತಿದ್ದಳು. ಗಳಗಿಯಲ್ಲಿ ಮೊಟ್ಟೆ ಒಡೆದು ಒಂಬತ್ತು ಮರಿಯಾದವು. ನಿವೇದಿತಾ ಅವನ್ನು ಕಂಡೂ ಕಾಣದವಳಂತೆ ಓಡಾಡಿದಳು, ಫಕ್ಕೀರವ್ವ ತಾನು ಸೊಸೆಯ ಕಣ್ಣಿಗೆ ಮಣ್ಣೆರಚಿದೆ ಎಂದುಕೊಂಡೇ ಇದ್ದಳು. ಬೇಸಿಗೆ, ಮಳೆಗಾಲ ಹೀಗೇ ಕಳೆದವು. ಒಂಬತ್ತು ಮರಿ ಬೆಳೆದು ಮೊಟ್ಟೆಯಿಟ್ಟು, ದಸರೆಯ ಹೊತ್ತಿಗೆ ಹಿತ್ತಲು ಮತ್ತೆ ತುಂಬಿತು. ಊರಿನ ಹೆಂಗಸರು ಒಬ್ಬೊಬ್ಬರಾಗಿ ಮರಿ ಕೇಳಿಕೊಂಡು ಬಂದರು, ಅವರಲ್ಲಿ ಗುರುಸಿದ್ದವ್ವ ಮೊದಲಿಗಳು. ನಿವೇದಿತಾ ಕಟ್ಟೆಯ ಮೇಲೆ ಕೂತಿದ್ದರೂ ಅವರೆಲ್ಲ ಬುದ್ಧಿ ಕೇಳಿದ್ದು ಫಕ್ಕೀರವ್ವನನ್ನು.

ನವೆಂಬರ್‌ನಲ್ಲಿ ಹೆಬ್ಬಾತುಗಳು ಇಳಿದವು. ಸಾಧು ಜೋಳ ಚೆಲ್ಲಿ, ಮೂಗು ಕೆಂಪಾಗಿ, ಕೆಂಪಿನೊಳಗೆ ಇರುವವನು ಸಾಧುವೇ ಎಂದು ಸಂಸ್ಥೆಯಿಂದ ಖಾತ್ರಿ ಬಂದ ದಿನ ಬೆಳಿಗ್ಗೆ ನಿವೇದಿತಾ ಕೇಂದ್ರದಿಂದ ನೇರ ಕೆರೆಯ ದಂಡೆಗೆ ಇಳಿದಳು. ಚಪ್ಪಲಿ ಬಿಟ್ಟು, ಕೆಸರಿನಲ್ಲಿ ಒಂದು ಹೆಜ್ಜೆ ಹುಡುಕಿ, ಎರಡೂ ಕೈಯಲ್ಲಿ ಎತ್ತಿಕೊಂಡು ಊರೊಳಗೆ ನಡೆದಳು. ಓಣಿಯಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಂತು ನೋಡಿದರು. ಹಿತ್ತಲಿಗೆ ಹೋಗಿ, ಬ್ಲೀಚಿಂಗ್ ಬುಟ್ಟಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಗೆರೆ ದಾಟಿ, ಕೆಸರಿನ ಕೈಗಳನ್ನು ಅತ್ತೆಯ ಮುಂದೆ ಚಾಚಿದಳು.

ಫಕ್ಕೀರವ್ವ ಕಾಳು ಚೆಲ್ಲುವುದನ್ನು ನಿಲ್ಲಿಸಿದಳು. ಬಗ್ಗಿ, ಕಣ್ಣು ಕಿರಿದು ಮಾಡಿ, ಆ ಮಣ್ಣನ್ನು ಬಹಳ ಹೊತ್ತು ನೋಡಿದಳು. ಹತ್ತು ತಿಂಗಳ ನಂತರ ಅವಳ ಬಾಯಿಂದ ಸೊಸೆಗೆ ಮೊದಲ ಮಾತು ಬಂತು.

"ಹೆಜ್ಜಿ ಅಳಿಸೇತಿ. ಹೋಗು, ಬ್ಯಾರೇದು ತಗೊಂಡ್ ಬಾ."

ನಿವೇದಿತಾ ಕೆರೆಯ ಕಡೆ ತಿರುಗಿದಳು.